ಒಪ್ಪವೂ ಒಪ್ಪಿಗೆಯೂ

ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ‘ಒಪ್ಪ’ ಎಂಬ ಶಬ್ದ ಹೊಸತಲ್ಲ. ಬರೆಹದ ಕಟ್ಟಕಡೆಯಲ್ಲಿ ಒಡೆಯನು ಹಾಕುವ ಅಂಕಿತವನ್ನು ನಮ್ಮ ಹಿರಿಯರು ಒಪ್ಪವೆಂದು ಕರೆದರು. ವಿಜಯನಗರದ ಅರಸರ ತಾಮ್ರಪಟಗಳಲ್ಲಿ ಶಾಸನವೆಲ್ಲ ನಾಗರಿ ಲಿಪಿಯಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಮಾತ್ರ ಕನ್ನಡ ಅಕ್ಷರಗಳಲ್ಲಿ ಮೂಡಿರುವುದನ್ನು ಕಾಣುತ್ತೇವೆ. ಒಪ್ಪ, ಒಪ್ಪು, ಒಪ್ಪಿಗೆ, ಒಪ್ಪಂದ ಇವೆಲ್ಲ ಒಂದೇ ಬೇರಿನ ಚಿಗುರುಗಳು. ಮುಂದೆ ಮರಾಠಿ ದಫ್ತರಗಳ ಕಾಲದಲ್ಲಿ ನಮ್ಮ ಸೀಮೆಗೆ ‘ಸಹಿ’ ಎಂಬ ಮಾತು ಬಂದಿತು. ಅರಬ್ಬಿ ಮೂಲದಲ್ಲಿ ಅದಕ್ಕೆ ‘ಸರಿಯಾದುದು’ ಎಂದೇ ಅರ್ಥ. ಹೀಗೆ ಹಳೆಯ ಶಬ್ದವೂ ಹೊಸ ಶಬ್ದವೂ ಒಂದೇ ತತ್ತ್ವವನ್ನು ಸಾರುತ್ತವೆ: ಕೈ ಬರೆದುದಕ್ಕೆ ಮನಸ್ಸು ಸಾಕ್ಷಿಯಾಗಿರಬೇಕು, ಒಪ್ಪಿಗೆಯಿಲ್ಲದ ಒಪ್ಪ ಬರಿಯ ಗೀಟು.

ಆದರೆ ಒಪ್ಪ ಒಬ್ಬರದು, ಒಪ್ಪಿಗೆ ಇನ್ನೊಬ್ಬರದು ಎಂಬ ವಿಚಿತ್ರ ಪದವಿಯೊಂದನ್ನು ಆಧುನಿಕ ರಾಜ್ಯಾಂಗ ನಿರ್ಮಿಸಿದೆ. ಅದು ನಮ್ಮ ರಾಷ್ಟ್ರಪತಿಯ ಪದವಿ. ಮಂತ್ರಿಮಂಡಲ ನಿರ್ಧರಿಸುತ್ತದೆ, ರಾಷ್ಟ್ರಪತಿ ಸಹಿ ಮಾಡುತ್ತಾರೆ. ಆ ಆಸನದಲ್ಲಿ ಈವರೆಗೆ ಕುಳಿತ ಕನ್ನಡಿಗರು ಒಬ್ಬರೇ. ಅವರು ಕುಳಿತದ್ದು ಹಂಗಾಮಿಯಾಗಿ, 1977ರ ಫೆಬ್ರುವರಿಯಿಂದ ಜುಲೈವರೆಗೆ, ಸುಮಾರು ಐದೂವರೆ ತಿಂಗಳು ಮಾತ್ರ. ಆ ಅಲ್ಪಾವಧಿಯಲ್ಲಿಯೇ ಒಪ್ಪ ಮತ್ತು ಒಪ್ಪಿಗೆಗಳ ನಡುವಿನ ಬಿರುಕು ಅವರ ಮೇಜಿನ ಮೇಲೆ ಬಂದು ಬಿದ್ದಿತು. ಬಸಪ್ಪ ದಾನಪ್ಪ ಜತ್ತಿಯವರ ಜೀವನವನ್ನು ಆ ಒಂದು ದಿನದ ಬೆಳಕಿನಲ್ಲಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ 10ರಂದು, ಜಮಖಂಡಿಯ ಸಮೀಪದ ಸಾವಳಗಿಯಲ್ಲಿ. ತಂದೆಯವರದು ಚಿಕ್ಕ ಕಿರಾಣಿ ವ್ಯಾಪಾರ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಬಿ.ಎ., ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿ ಕಾಯಿದೆಯ ಪದವಿ ಪಡೆದು ಜಮಖಂಡಿಯಲ್ಲಿ ವಕೀಲಿ ಆರಂಭಿಸಿದರು. 1940ರಲ್ಲಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಅನಂತರ ಸಂಸ್ಥಾನದ ವಿಧಾನಮಂಡಲವನ್ನು ಸೇರಿ ಮಂತ್ರಿಗಳಾಗಿ, ಕೊನೆಗೆ ದಿವಾನಗಿರಿಯ ಹೊಣೆಯನ್ನೂ ಹೊತ್ತರು.

ಇಲ್ಲಿ ನನ್ನ ಊರಿನ ಮಾತು ಬರುವುದು ಅನಿವಾರ್ಯ. ನಾನು ಕುಂದಗೋಳ ತಾಲೂಕಿನ ಕುಬಿಹಾಳದವನು. ಸವಾಯಿ ಗಂಧರ್ವರಿಂದ ದೇಶಕ್ಕೆ ಪರಿಚಿತವಾದ ಕುಂದಗೋಳ ಪಟ್ಟಣ ಒಂದು ಕಾಲಕ್ಕೆ ಧಾರವಾಡ ಜಿಲ್ಲೆಯದಾಗಿರಲಿಲ್ಲ. ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನದ್ದಾಗಿತ್ತು. ಸಂಸ್ಥಾನದ ಒಟ್ಟು ವಿಸ್ತಾರ 524 ಚದರ ಮೈಲಿ. ಅದೂ ಒಂದೇ ಹರಹಿನಲ್ಲಿ ಇರಲಿಲ್ಲ. ಜಮಖಂಡಿಗೂ ಕುಂದಗೋಳಕ್ಕೂ ನಡುವೆ 130 ಕಿಲೋಮೀಟರಿಗೂ ಮಿಗಿಲಾದ ಅಂತರ, ಮಧ್ಯದಲ್ಲಿ ಬ್ರಿಟಿಷರ ಮುಲುಕು, ಅನ್ಯ ಸಂಸ್ಥಾನಗಳ ತುಂಡುಗಳು. ಕೃಷ್ಣೆಯ ಸೀಮೆಯಲ್ಲಿ ಬಿದ್ದ ಸಹಿ ನಮ್ಮ ಎರೆಯ ಹೊಲಗಳ ಕಂದಾಯವನ್ನು ನಿರ್ಣಯಿಸುತ್ತಿದ್ದ ಕಾಲವದು. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಜರಾದ ಶಂಕರರಾವ ಪಟವರ್ಧನರೊಡನೆ ಸೌಹಾರ್ದವನ್ನು ಕಾಯ್ದುಕೊಂಡೇ ಆ ವಿಲೀನವನ್ನು ಸುಗಮಗೊಳಿಸಿದವರು ಜತ್ತಿಯವರು. ತಮ್ಮ ದಿವಾನಗಿರಿಯನ್ನು ತಾವೇ ಮುಗಿಸುವ ಕಾಗದಕ್ಕೆ ದಾರಿ ಮಾಡಿಕೊಟ್ಟು, ಮರಳಿ ಕರಿಯ ಕೋಟು ತೊಟ್ಟು ನ್ಯಾಯಾಲಯಕ್ಕೆ ಹೋದರು. ಕುಂದಗೋಳ ಧಾರವಾಡ ಜಿಲ್ಲೆಯ ಮಡಿಲಿಗೆ ಬಂದಿತು.

ವಕೀಲಿ ಬಹುಕಾಲ ನಡೆಯಲಿಲ್ಲ. ವಿಲೀನ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡ ಅವರು ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಪಾರ್ಲಿಮೆಂಟರಿ ಕಾರ್ಯದರ್ಶಿಯಾದರು. 1952ರ ಚುನಾವಣೆಯ ಅನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾದರು. 1956ರಲ್ಲಿ ಕನ್ನಡ ನಾಡು ಒಂದಾದಾಗ ಮೈಸೂರು ವಿಧಾನಸಭೆಗೆ ಬಂದರು. ಗೇಣಿದಾರರ ಸಮಸ್ಯೆಯನ್ನು ಪರಿಶೀಲಿಸಲು ನೇಮಕವಾದ ಸಮಿತಿಯ ಅಧ್ಯಕ್ಷತೆ ಅವರಿಗೆ ಒಲಿಯಿತು. ‘ಜತ್ತಿ ಸಮಿತಿ’ ಎಂದೇ ಅದು ಪ್ರಸಿದ್ಧ. 1958ರ ಮೇ 16ರಂದು, ನಿಜಲಿಂಗಪ್ಪನವರು ಸ್ಥಾನ ತೆರವು ಮಾಡಿದ ಮೇಲೆ, ಜತ್ತಿಯವರು ಮುಖ್ಯಮಂತ್ರಿಗಳಾದರು.

ಅವರ ಆಡಳಿತದ ಮುಖ್ಯ ಕಾರ್ಯ ಭೂಸುಧಾರಣೆಯ ಕಾಯಿದೆ. ಐದು ಬೇರೆ ಬೇರೆ ಆಡಳಿತಗಳಿಂದ ಬಂದು ಸೇರಿದ ಕನ್ನಡ ನಾಡಿಗೆ ಗೇಣಿಯ ವಿಷಯದಲ್ಲಿ ಒಂದೇ ಕಟ್ಟಳೆ ಬೇಕಾಗಿತ್ತು. 1961ರಲ್ಲಿ ವಿಧಾನಮಂಡಲ ಮಸೂದೆಯನ್ನು ಅಂಗೀಕರಿಸಿತು. ಆದರೆ ಅದು ಕಾಯಿದೆಯಾಗಲು ದಿಲ್ಲಿಯಿಂದ ರಾಷ್ಟ್ರಪತಿಯ ಅಂಕಿತ ಬರಬೇಕಾಗಿತ್ತು. ಬಂದದ್ದು 1962ರ ಮಾರ್ಚ್ 5ರಂದು. ಅದಾದ ನಾಲ್ಕನೆಯ ದಿನಕ್ಕೆ, ಮಾರ್ಚ್ 9ರಂದು, ಜತ್ತಿಯವರ ಮುಖ್ಯಮಂತ್ರಿತ್ವ ಮುಗಿದಿತ್ತು. ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ 2ರಂದು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನುದಾರರಿಗೆ ಅದರಲ್ಲಿ ಬಾಗಿಲುಗಳು ಬಹಳವಿದ್ದವೆಂಬ ಆಕ್ಷೇಪ ಸರಿಯಾದುದೇ. ಗೇಣಿಪದ್ಧತಿಯನ್ನು ಬೇರುಸಹಿತ ಕೀಳಲು 1974ರಲ್ಲಿ ದೇವರಾಜ ಅರಸರ ತಿದ್ದುಪಡಿ ಬರಬೇಕಾಯಿತು. ಆದರೂ ಅಡಿಗಲ್ಲು ಮೊದಲಿನ ಕಾಯಿದೆಯೇ. ನಾವು ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ: ದೂರದ ಒಂದು ಸಹಿಗಾಗಿ ಕಾಯುವುದು ಎಂದರೇನು ಎಂಬುದನ್ನು ಕಾಯುವವನ ಸ್ಥಾನದಲ್ಲಿ ನಿಂತು ಜತ್ತಿಯವರು ಬಲ್ಲವರಾಗಿದ್ದರು.

1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರಾಗಿ, 1972ರಲ್ಲಿ ಒರಿಸ್ಸಾದ ರಾಜ್ಯಪಾಲರಾಗಿ ಅವರು ನಾಡಿನಿಂದ ಹೊರಗೆ ಹೋದರು. ಒರಿಸ್ಸಾದಲ್ಲಿ ಅವರು ಕೈಗೊಂಡ ನಿರ್ಣಯವೊಂದನ್ನು ಮರೆಮಾಚಿ ಅವರ ಚರಿತ್ರೆಯನ್ನು ಬರೆಯಲಾಗದು. 1973ರ ಮಾರ್ಚಿನಲ್ಲಿ ನಂದಿನಿ ಸತ್ಪಥಿಯವರ ಕಾಂಗ್ರೆಸ್ ಮಂತ್ರಿಮಂಡಲ ಬಹುಮತ ಕಳೆದುಕೊಂಡು ರಾಜೀನಾಮೆಯಿತ್ತಿತು. ವಿರೋಧ ಪಕ್ಷದ ನಾಯಕ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದು ಮುಂದೆ ಬಂದರು. ರಾಜ್ಯಪಾಲ ಜತ್ತಿಯವರು ಅವರನ್ನು ಕರೆಯಲಿಲ್ಲ. ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ವಿಧಾನಸಭೆ ವಿಸರ್ಜನೆಗೊಂಡಿತು. ಪಟ್ನಾಯಕರು ಹೈಕೋರ್ಟಿಗೆ ಹೋದರೂ ನ್ಯಾಯಾಲಯ ಮಧ್ಯೆ ಪ್ರವೇಶಿಸಲಿಲ್ಲ. ಬಹುಮತವನ್ನು ಸಭೆಯಲ್ಲಿ ಎಣಿಸಬೇಕೆ, ರಾಜಭವನದಲ್ಲಿ ಊಹಿಸಬೇಕೆ ಎಂಬ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮತ್ತೆ ಬರುತ್ತದೆ.

1974ರ ಆಗಸ್ಟ್ 31ರಂದು ಜತ್ತಿಯವರು ಉಪರಾಷ್ಟ್ರಪತಿಗಳಾದರು. ಅದೇ ತಿಂಗಳ 9ರಂದು ಅಮೇರಿಕೆಯಲ್ಲಿ ಉಪಾಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು, ನಿಕ್ಸನ್ನರ ರಾಜೀನಾಮೆಯ ಫಲವಾಗಿ ಅಧ್ಯಕ್ಷರಾಗಿದ್ದರು. ಈ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎರಡು ರಾಜ್ಯಾಂಗಗಳ ಮರ್ಮ ತಿಳಿಯುತ್ತದೆ. ಫೋರ್ಡ್ ಹುಟ್ಟಿದ್ದು 1913ರಲ್ಲಿ, ನೆಬ್ರಾಸ್ಕದ ಒಮಾಹ ನಗರದಲ್ಲಿ. ಬೆಳೆದದ್ದು ಮಿಷಿಗನ್ನಿನಲ್ಲಿ, ಮಲತಂದೆಯ ಆಶ್ರಯದಲ್ಲಿ ಮತ್ತು ಅವರದೇ ಹೆಸರಿನಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಕಾಯಿದೆ ಓದಿ, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ದುಡಿದು, 1949ರಿಂದ ಸುಮಾರು 25 ವರ್ಷ ಪ್ರತಿನಿಧಿಸಭೆಯ ಸದಸ್ಯರಾಗಿದ್ದರು. ಉಪಾಧ್ಯಕ್ಷ ಆಗ್ನ್ಯೂ ರಾಜೀನಾಮೆ ಕೊಟ್ಟಾಗ 1973ರ ಡಿಸೆಂಬರಿನಲ್ಲಿ ಆ ಸ್ಥಾನಕ್ಕೆ ನಿಯುಕ್ತರಾದರು. ಅಧ್ಯಕ್ಷ ಪದವಿಗಾಗಲಿ ಉಪಾಧ್ಯಕ್ಷ ಪದವಿಗಾಗಲಿ ಜನರಿಂದ ಚುನಾಯಿತರಾಗದೆಯೇ ಶ್ವೇತಭವನದಲ್ಲಿ ಕುಳಿತವರು ಆ ದೇಶದ ಇತಿಹಾಸದಲ್ಲಿ ಅವರೊಬ್ಬರೇ.

ಅಮೇರಿಕೆಯಲ್ಲಿ ಅಧ್ಯಕ್ಷನ ಸ್ಥಾನ ತೆರವಾದರೆ ಉಪಾಧ್ಯಕ್ಷನೇ ಪೂರ್ಣ ಅಧ್ಯಕ್ಷನಾಗುತ್ತಾನೆ. ಈ ರೂಢಿಯನ್ನು ಹಾಕಿದವರು ಜಾನ್ ಟೈಲರ್. 1841ರ ಏಪ್ರಿಲ್ 4ರಂದು ಅಧ್ಯಕ್ಷ ಹ್ಯಾರಿಸನ್, ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಲ್ಲಿ ತೀರಿಕೊಂಡಾಗ, ಟೈಲರ್ ಹಂಗಾಮಿ ಎಂಬ ವಿಶೇಷಣವನ್ನು ಒಪ್ಪಲಿಲ್ಲ. ‘ಹಂಗಾಮಿ ಅಧ್ಯಕ್ಷ’ ಎಂದು ವಿಳಾಸ ಬರೆದು ಬಂದ ಪತ್ರಗಳನ್ನು ಒಡೆಯದೆ ಹಿಂದಿರುಗಿಸಿದರಂತೆ. ರೂಢಿಯಾಗಿದ್ದುದು 1967ರ 25ನೆಯ ತಿದ್ದುಪಡಿಯಿಂದ ನಿಯಮವಾಯಿತು. ನಮ್ಮಲ್ಲಿ ಹಾಗಲ್ಲ. ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿ ಕಾರ್ಯಭಾರವನ್ನಷ್ಟೇ ನೋಡಿಕೊಳ್ಳುತ್ತಾರೆ. ಆರು ತಿಂಗಳೊಳಗೆ ಹೊಸಬರ ಚುನಾವಣೆ ಆಗತಕ್ಕದ್ದು. ಜಾಕೀರ್ ಹುಸೇನರು ತೀರಿಕೊಂಡ 1969ರಲ್ಲಿ ಗಿರಿಯವರು, ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡ 1977ರಲ್ಲಿ ಜತ್ತಿಯವರು ಹೀಗೆ ಮನೆ ಕಾಯ್ದವರು.

ವ್ಯತ್ಯಾಸ ಹೆಸರಿನದಷ್ಟೇ ಅಲ್ಲ, ಲೇಖನಿಯದು. ಫೋರ್ಡ್ ಅವರು ಅಧ್ಯಕ್ಷರಾದ ಒಂದು ತಿಂಗಳಿಗೆ, 1974ರ ಸೆಪ್ಟೆಂಬರ 8ರ ಆದಿತ್ಯವಾರ, ನಿಕ್ಸನ್ನರಿಗೆ ಪೂರ್ಣ ಕ್ಷಮೆಯನ್ನು ನೀಡುವ ಪತ್ರಕ್ಕೆ ಸಹಿ ಹಾಕಿದರು. ದೇಶ ಕೆರಳಿತು, ಅವರ ಪತ್ರಿಕಾ ಕಾರ್ಯದರ್ಶಿಯೇ ಪ್ರತಿಭಟಿಸಿ ರಾಜೀನಾಮೆಯಿತ್ತರು. 1976ರ ಚುನಾವಣೆಯಲ್ಲಿ ಫೋರ್ಡ್ ಕಾರ್ಟರರಿಗೆ ಸೋತರು. ಆ ಕ್ಷಮೆಯೂ ಸೋಲಿಗೆ ಕಾರಣವೆಂದು ಹಲವರು ಬಗೆದರು. 2001ರಲ್ಲಿ ಅದೇ ನಿರ್ಣಯಕ್ಕಾಗಿ ಕೆನಡಿಯವರ ಹೆಸರಿನ ಧೈರ್ಯ ಪ್ರಶಸ್ತಿ ಅವರಿಗೆ ದೊರೆಯಿತು. ಸರಿಯೋ ತಪ್ಪೋ, ಆ ಸಹಿ ಫೋರ್ಡರದೇ. ಅದರ ನಿಂದೆಯೂ ಪ್ರಶಂಸೆಯೂ ಅವರದೇ. ನಮ್ಮ ರಾಷ್ಟ್ರಪತಿಗೆ ಈ ಭಾಗ್ಯವಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಅಹಮದರು ಸಹಿ ಮಾಡಿದರು; ಮಂತ್ರಿಮಂಡಲಕ್ಕೆ ಸುದ್ದಿ ತಿಳಿದದ್ದು ಮರುದಿನ ಬೆಳಿಗ್ಗೆ. ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುವ ರಾಷ್ಟ್ರಪತಿಯನ್ನು ಚಿತ್ರಿಸಿದ ಅಬು ಅಬ್ರಹಾಮರ ವ್ಯಂಗ್ಯಚಿತ್ರ ಆ ಯುಗದ ಒಪ್ಪವೇ ಆಗಿ ಉಳಿದಿದೆ. ಅಷ್ಟು ಸಾಲದೆಂಬಂತೆ 42ನೆಯ ತಿದ್ದುಪಡಿ ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು ಬರೆದಿಟ್ಟಿತು. ಅದು ಜಾರಿಗೆ ಬಂದದ್ದು 1977ರ ಜನವರಿ 3ರಂದು. ಜತ್ತಿಯವರು ಆ ಆಸನಕ್ಕೆ ಬಂದದ್ದು ಫೆಬ್ರುವರಿ 11ರಂದು. ಹಿಂದಿನವರಾರಿಗೂ ಇಲ್ಲದಷ್ಟು ಬಿಗಿಯಾದ ಕಟ್ಟಿನಲ್ಲಿ ಅವರ ಕೈಯಿತ್ತು.

ಮಾರ್ಚಿನಲ್ಲಿ ಚುನಾವಣೆಯಾಗಿ ಇಂದಿರಾ ಗಾಂಧಿಯವರ ಸರಕಾರ ಸೋತಿತು. 21ರಂದು ಆಂತರಿಕ ತುರ್ತು ಪರಿಸ್ಥಿತಿ ಕೊನೆಗೊಂಡಿತು. 24ರಂದು ಮೊರಾರಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರು. ಒಂದು ಯುಗವನ್ನು ಮುಗಿಸಿ ಇನ್ನೊಂದನ್ನು ತೆರೆದದ್ದು ಅವರ ಅಂಕಿತವೇ. ಏಪ್ರಿಲ್ 18ರಂದು ಗೃಹಮಂತ್ರಿ ಚರಣಸಿಂಗರು ಕಾಂಗ್ರೆಸ್ಸಿನ ಆಳ್ವಿಕೆಯಿದ್ದ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ವಿಧಾನಸಭೆಗಳನ್ನು ವಿಸರ್ಜಿಸಲು ರಾಜ್ಯಪಾಲರಿಗೆ ಸಲಹೆ ಮಾಡಿರೆಂದು ಸೂಚಿಸಿದರು. ಜನತಾ ಸರಕಾರದ ವಾದ ಹುರುಳಿಲ್ಲದ್ದಲ್ಲ. ಉತ್ತರಪ್ರದೇಶದ 85, ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಬಂದಿರಲಿಲ್ಲ. ಆದರೆ ಆ ಸರಕಾರಗಳಿಗೆ ತಂತಮ್ಮ ಸಭೆಗಳಲ್ಲಿ ಬಹುಮತವಿತ್ತು. ಲೋಕಸಭೆಯ ಮತವನ್ನು ವಿಧಾನಸಭೆಯ ಲೆಕ್ಕಕ್ಕೆ ಬರೆಯಬಹುದೆ? ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಾಧೀಶರ ಪೀಠ ಒಕ್ಕೊರಲಿನಿಂದ ಅವುಗಳ ಅರ್ಜಿಯನ್ನು ತಳ್ಳಿಹಾಕಿತು. ವಿಸರ್ಜನೆಯ ಸಲಹೆ ಜತ್ತಿಯವರ ಮುಂದೆ ಬಂದಿತು.

ಅವರು ಅಂದು ಸಹಿ ಮಾಡಲಿಲ್ಲ.

ರಾಜಧಾನಿಯಲ್ಲಿ ಕೋಲಾಹಲವೆದ್ದಿತು. ಕಾಂಗ್ರೆಸ್ಸಿನಿಂದ ಬಂದವರು ಕಾಂಗ್ರೆಸ್ ಸರಕಾರಗಳನ್ನು ಉಳಿಸಲೆಳಸುತ್ತಾರೆಂಬ ಟೀಕೆ ಎಲ್ಲೆಡೆಯಿಂದ ಬಂದಿತು. ಮರುದಿನ, ಏಪ್ರಿಲ್ 30ರಂದು, ಜತ್ತಿಯವರು ಸಹಿ ಮಾಡಿದರು. ಒಂಬತ್ತು ವಿಧಾನಸಭೆಗಳು ವಿಸರ್ಜನೆಗೊಂಡವು. ಅವುಗಳಲ್ಲಿ ಒರಿಸ್ಸಾದ್ದೂ ಒಂದು.

ಈ ಒಂದು ದಿನದ ವಿಳಂಬವನ್ನು ದುರ್ಬಲನೊಬ್ಬನ ಚಂಚಲತೆಯೆಂದು ಹಲವರು ತೀರ್ಮಾನಿಸಿದ್ದಾರೆ. ತರಗತಿಯಲ್ಲಿ ಈ ವಿಷಯ ಬಂದಾಗ ವಿದ್ಯಾರ್ಥಿಗಳೂ ಕೇಳುವುದುಂಟು: ಕೊನೆಗೆ ಸಹಿ ಮಾಡುವವರು ಮೊದಲೇ ಏಕೆ ಮಾಡಬಾರದಾಗಿತ್ತು? ನನ್ನ ಉತ್ತರ ನಮ್ಮ ಹಳ್ಳಿಯ ನಡೆಯಿಂದ ಹುಟ್ಟಿದ್ದು. ಕುಬಿಹಾಳದಂಥ ಊರಿನಲ್ಲಿ ಸಾಲದ ಪತ್ರ, ಖರೀದಿಯ ಪತ್ರ, ಅಣ್ಣತಮ್ಮಂದಿರ ವಾಟ್ನಿಯ ಪತ್ರ ಮುಂದೆ ಬಂದರೆ ತಿಳಿವಳಿಕೆಯುಳ್ಳ ರೈತ ಒಡನೆ ಹೆಬ್ಬೆಟ್ಟು ಒತ್ತುವುದಿಲ್ಲ. “ಇವತ್ತ ಬ್ಯಾಡ, ನಾಳಿ ನೋಡೂಣು” ಎನ್ನುತ್ತಾನೆ. ಮರುದಿನ ಒತ್ತುವುದು ಅನಿವಾರ್ಯವೆಂದು ಅವನಿಗೂ ಗೊತ್ತು, ಎದುರಿನವನಿಗೂ ಗೊತ್ತು. ಆದರೂ ನಡುವೆ ಒಂದು ರಾತ್ರಿ ಇರಬೇಕು. ಆ ರಾತ್ರಿ ಕಳೆದರೆ ಒತ್ತಾಯದ ಕಾಗದವೂ ಆಲೋಚನೆಯ ಕಾಗದವಾಗುತ್ತದೆ. ತಾನು ಮಾಡುತ್ತಿರುವುದೇನೆಂಬುದನ್ನು ಬರೆಸಿಕೊಳ್ಳುವವನೂ ಮತ್ತೊಮ್ಮೆ ನೆನೆಯಬೇಕಾಗುತ್ತದೆ. ಜತ್ತಿಯವರಿಗೆ ಸಲಹೆಯನ್ನು ನಿರಾಕರಿಸುವ ಅಧಿಕಾರವಿರಲಿಲ್ಲ, ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವೂ ಇರಲಿಲ್ಲ. ಅವರ ಕೈಯಲ್ಲಿ ಉಳಿದಿದ್ದುದು ಒಂದು ರಾತ್ರಿ ಮಾತ್ರ. ಅದನ್ನು ಅವರು ಬಳಸಿದರು.

ಹಾಗಾದರೆ 1973ರಲ್ಲಿ ಒರಿಸ್ಸಾದ ಸಭೆಯ ವಿಷಯದಲ್ಲಿ ಈ ಸಂಕೋಚ ಎಲ್ಲಿತ್ತು? ಪ್ರಶ್ನೆ ನ್ಯಾಯವಾದುದು, ಜತ್ತಿಯವರ ಅಭಿಮಾನಿಗಳು ಅದಕ್ಕೆ ತಲೆಬಾಗಬೇಕು. ಅಂದು ಪಕ್ಷಕ್ಕೆ ಅನುಕೂಲವಾಗಿದ್ದಾಗ ಕೈ ತಡೆಯಲಿಲ್ಲ, ಇಂದು ಪ್ರತಿಕೂಲವಾದಾಗ ತಡೆಯಿತು ಎಂಬ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಮನುಷ್ಯನ ಉದ್ದೇಶವನ್ನು ತೂಗುವ ತಕ್ಕಡಿಯಲ್ಲಿ ಕ್ರಿಯೆಯ ಬೆಲೆಯನ್ನೂ ತೂಗಿ ಮುಗಿಸಿದರೆ ಇತಿಹಾಸ ಬಡವಾಗುತ್ತದೆ. ಪಕ್ಷಪ್ರೀತಿಯಿಂದ ಹುಟ್ಟಿದ ತಡೆಯೂ ಪಕ್ಷಾತೀತವಾದ ಪ್ರಶ್ನೆಯನ್ನು ಎತ್ತಬಲ್ಲದು. ಆ ಪ್ರಶ್ನೆ ನಿಜವಾದುದೆಂದು ತೋರಿಸಲು ಮೂರು ವರ್ಷವೂ ಬೇಕಾಗಲಿಲ್ಲ. 1980ರ ಫೆಬ್ರುವರಿಯಲ್ಲಿ, ಮರಳಿ ಅಧಿಕಾರಕ್ಕೆ ಬಂದ ಇಂದಿರಾ ಗಾಂಧಿಯವರ ಸರಕಾರ ಅದೇ ನ್ಯಾಯವನ್ನು ಹಿಡಿದು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. ಒಮ್ಮೆ ಕೊಡಲಿಗೆ ಕಾವು ಹಾಕಿಕೊಟ್ಟರೆ ಅದು ಯಾರ ಕೈಯಲ್ಲಾದರೂ ಕಡಿಯುತ್ತದೆ.

ಈ ಕಥೆಯ ಮುಂದಿನ ಅಧ್ಯಾಯವೂ ನಮ್ಮ ನೆಲದಲ್ಲಿಯೇ ಬರೆಯಲ್ಪಟ್ಟಿತೆಂಬುದು ಸೋಜಿಗ. ಕುಂದಗೋಳದ ನೆರೆಯ ಶಿಗ್ಗಾಂವಿ ತಾಲೂಕಿನ ಕಾರಡಗಿಯವರಾದ ಎಸ್. ಆರ್. ಬೊಮ್ಮಾಯಿಯವರು 1988ರ ಆಗಸ್ಟಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲ್ ತಿಂಗಳಿನಲ್ಲಿ ಬೆಂಬಲವನ್ನು ಹಿಂತೆಗೆದುಕೊಂಡಂತೆ 19 ಶಾಸಕರ ಪತ್ರಗಳು ರಾಜ್ಯಪಾಲರನ್ನು ತಲುಪಿದವು. ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ತಮ್ಮ ಸಹಿ ಪಡೆಯಲಾಯಿತೆಂದು ಹೇಳಿ ಹಿಂದೆ ಸರಿದರು. ಒಪ್ಪವಿತ್ತು, ಒಪ್ಪಿಗೆಯಿರಲಿಲ್ಲ! ಸಭೆಯಲ್ಲಿಯೇ ಬಹುಮತವನ್ನು ತೋರಿಸುತ್ತೇನೆಂದು ಬೊಮ್ಮಾಯಿಯವರು ಬಿನ್ನವಿಸಿದರೂ ಏಪ್ರಿಲ್ 21ರಂದು ಸರಕಾರ ವಜಾ ಆಯಿತು. ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಿತು: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸಭಾಂಗಣದಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಪಾರ್ಲಿಮೆಂಟು ಘೋಷಣೆಯನ್ನು ಅಂಗೀಕರಿಸುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಒರಿಸ್ಸಾದಲ್ಲಿ ರಾಜ್ಯಪಾಲ ಜತ್ತಿಯವರು ಕೇಳದೆ ಬಿಟ್ಟ ಪ್ರಶ್ನೆಗೂ ದಿಲ್ಲಿಯಲ್ಲಿ ಹಂಗಾಮಿ ರಾಷ್ಟ್ರಪತಿ ಜತ್ತಿಯವರು ಒಂದು ದಿನ ಹಿಡಿದು ನಿಂತ ಪ್ರಶ್ನೆಗೂ ದೊರೆತ ಉತ್ತರ ಒಂದೇ.

ಇತ್ತ ರಾಷ್ಟ್ರಪತಿಯ ಕೈಕಟ್ಟು ಕೂಡ ಕೊಂಚ ಸಡಿಲವಾಗಿತ್ತು. 1978ರ 44ನೆಯ ತಿದ್ದುಪಡಿ, ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಮತ್ತೆ ಬಂದರೆ ಮಾತ್ರ ಸಹಿ ಮಾಡತಕ್ಕದ್ದು. ಇದು ಜತ್ತಿಯವರ ಆ ಒಂದು ದಿನದಿಂದಲೇ ಬಂದಿತೆಂದು ನಾನು ಸಾಧಿಸಹೊರಟಿಲ್ಲ. ಆದರೆ ಅವರಿಗೆ ಬೇಕಾಗಿದ್ದುದು ಇದೇ ಅಲ್ಲವೆ? 1997ರ ಅಕ್ಟೋಬರದಲ್ಲಿ ಉತ್ತರಪ್ರದೇಶದ ಕಲ್ಯಾಣಸಿಂಗರ ಸರಕಾರವನ್ನು ವಜಾ ಮಾಡುವ ಸಲಹೆಯನ್ನು ರಾಷ್ಟ್ರಪತಿ ಕೆ. ಆರ್. ನಾರಾಯಣನ್ನರು ಹಿಂದಿರುಗಿಸಿದರು; ಮಂತ್ರಿಮಂಡಲ ಅದನ್ನು ಕೈಬಿಟ್ಟಿತು. ಆ ಮಂತ್ರಿಮಂಡಲದಲ್ಲಿ ಬೊಮ್ಮಾಯಿಯವರೂ ಇದ್ದರೆಂಬುದು ವಿಧಿಯ ವಿನೋದ. 1998ರಲ್ಲಿ ಬಿಹಾರದ ವಿಷಯದಲ್ಲಿಯೂ ನಾರಾಯಣನ್ನರು ಹಾಗೆಯೇ ಮಾಡಿದರು. 1977ರಲ್ಲಿ ಅಪಹಾಸ್ಯಕ್ಕೆ ಗುರಿಯಾದ ತಡೆ ಇಪ್ಪತ್ತು ವರ್ಷಗಳಲ್ಲಿ ಗೌರವದ ಪರಂಪರೆಯಾಯಿತು.

1977ರ ಜುಲೈ 25ರಂದು ಸಂಜೀವರೆಡ್ಡಿಯವರು ರಾಷ್ಟ್ರಪತಿಗಳಾದರು. ಜತ್ತಿಯವರು ತಮ್ಮ ಮೊದಲಿನ ಸ್ಥಾನಕ್ಕೆ ಮರಳಿ 1979ರ ಆಗಸ್ಟಿನವರೆಗೆ ಉಪರಾಷ್ಟ್ರಪತಿಗಳಾಗಿದ್ದು ನಿವೃತ್ತರಾದರು. ಮೇಲಿನ ಆಸನದಿಂದ ಕೆಳಗಿನ ಆಸನಕ್ಕೆ ಸದ್ದಿಲ್ಲದೆ ಇಳಿದು ಬರುವುದು ಎಲ್ಲರಿಗೂ ಸಾಧ್ಯವಾಗುವ ಸಾಧನೆಯಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ತಾವು ಸ್ಥಾಪಿಸಿದ್ದ ಬಸವ ಸಮಿತಿಯ ಕಾರ್ಯಕ್ಕೆ ಉಳಿದ ಆಯುಷ್ಯವನ್ನು ಮುಡಿಪಿಟ್ಟರು. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ವಚನಗಳು ಭಾರತದ ಹಲವು ಭಾಷೆಗಳಿಗೆ ಹೋದದ್ದು ಮುಂದೆ ಅದೇ ಸಂಸ್ಥೆಯ ಆಶ್ರಯದಲ್ಲಿ. 2002ರ ಜೂನ್ 7ರಂದು ಜತ್ತಿಯವರು ಬೆಂಗಳೂರಿನಲ್ಲಿ ತೀರಿಕೊಂಡರು. ಫೋರ್ಡ್ ಅವರು ತೀರಿಕೊಂಡದ್ದು 2006ರ ಡಿಸೆಂಬರ 26ರಂದು.

ಒಬ್ಬರು ತಮ್ಮ ಒಂದು ಸಹಿಯಿಂದ ನೆನಪಿನಲ್ಲಿ ಉಳಿದರು, ಇನ್ನೊಬ್ಬರು ತಡವಾಗಿ ಬಿದ್ದ ಒಂದು ಸಹಿಯಿಂದ. ಅಧಿಕಾರವುಳ್ಳವನ ಧೈರ್ಯ ಸಹಿ ಮಾಡುವುದರಲ್ಲಿ ಕಾಣುತ್ತದೆ, ಅಧಿಕಾರವಿಲ್ಲದವನ ಧೈರ್ಯ ಲೇಖನಿಯನ್ನು ಕ್ಷಣಕಾಲ ಕೆಳಗಿಡುವುದರಲ್ಲಿ. ಇಂದು ನಾವೆಲ್ಲರೂ, ವಿದ್ಯಾರ್ಥಿಗಳೂ ಶಿಕ್ಷಕರೂ, ದಿನಕ್ಕೆ ಹತ್ತು ಕಡೆ ಓದದೆಯೇ ಸಹಿ ಹಾಕುತ್ತೇವೆ. ಮುಂದೆ ಚಾಚಿದ ಪ್ರತಿಯೊಂದು ಕಾಗದವೂ ಅವಸರದ್ದೇ ಆಗಿರುತ್ತದೆ. ಅಂಥ ಹೊತ್ತಿನಲ್ಲಿ ಸಾವಳಗಿಯ ಆ ವಕೀಲರನ್ನು ನೆನೆಯುವುದು ಒಳ್ಳೆಯದು. ಒಪ್ಪ ಕೊನೆಗೆ ಹಾಕಬೇಕಾದದ್ದೇ ಇರಬಹುದು. ಅದಕ್ಕೆ ಮೊದಲು ಒಪ್ಪಿಗೆಯನ್ನು ಒಂದು ರಾತ್ರಿಯಾದರೂ ಕಾಯಬೇಕು.